ಮೋಲ್ಡ್ ಹಾಕಿದ ದಿನ ಈ ಗೋಡೆ ಇತ್ತಾ?

ಮನೆ ಕಟ್ಟುವವರು ಮತ್ತು ರಿಪೇರಿ ಮಾಡಿಸುವವರಿಗಾಗಿ ನಡೆಸುವ ನಮ್ಮ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಬರಹ ರೂಪ ಇಲ್ಲಿದೆ. ಮಾತನಾಡಿದವರು ದೊಡ್ಡಬಳ್ಳಾಪುರದ ಒಬ್ಬ ಸಿವಿಲ್ ಎಂಜಿನಿಯರ್. ಅವರ ಆಡುಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇವೆ.



ಇವತ್ತು ನಾನು ಮಾತಾಡೋದು ಒಂದೇ ಒಂದು ಪ್ರಶ್ನೆ ಬಗ್ಗೆ. ಮನೆ ಒಳಗಿನ ಒಂದು ಗೋಡೆ ತೆಗೀಬೇಕು ಅಂತಿದೀರಿ. ಆ ಗೋಡೆ ಮೇಲೆ ಮನೆ ಭಾರ ಕೂತಿದೆಯಾ, ಇಲ್ಲ ಅದು ಬರೀ ಅಡ್ಡಗೋಡೆನಾ? ಇದನ್ನ ಸುತ್ತಿಗೆ ಎತ್ತೋಕೆ ಮುಂಚೆ ಹೇಗೆ ತಿಳ್ಕೊಳ್ಳೋದು?

ಪುಸ್ತಕದಿಂದ ಶುರು ಮಾಡಲ್ಲ. ನಮ್ಮ ಚಿಕ್ಕಪ್ಪನ ಮನೆಯಿಂದ ಶುರು ಮಾಡ್ತೀನಿ.

ದೊಡ್ಡಬಳ್ಳಾಪುರ ಅಂದ್ರೆ ಮಗ್ಗದ ಊರು, ನಿಮಗೆಲ್ಲ ಗೊತ್ತು. ಸಾವಿರಾರು ವಿದ್ಯುತ್ ಮಗ್ಗ ಇಲ್ಲಿ ಓಡ್ತವೆ. ಅದರಲ್ಲಿ ಎಷ್ಟೋ ಮಗ್ಗಗಳಿಗೆ ಬೇರೆ ಶೆಡ್ ಅಂತ ಇಲ್ಲ, ಮನೆ ಒಳಗೇ ಇವೆ. ಮುಂದಿನ ಹಾಲು ಮನೆ, ಪಕ್ಕದ ರೂಮು ಮಗ್ಗ. ಮಕ್ಕಳು ಆ ಸದ್ದಲ್ಲೇ ಮಲಗಿ, ಆ ಸದ್ದಲ್ಲೇ ಓದಿ ದೊಡ್ಡೋರಾಗ್ತಾರೆ. ನಾನೂ ಹಾಗೇ ಬೆಳೆದೋನು. ಮಗ್ಗ ನಿಂತ್ರೆ ನಮಗೆ ನಿದ್ದೆಯಿಂದ ಎಚ್ಚರ ಆಗ್ತಿತ್ತು!

ನಮ್ಮ ಚಿಕ್ಕಪ್ಪನ ಮನೇಲಿ ಎರಡು ಮಗ್ಗ ಇದ್ವು. ಬೀದಿಯ ಕೊನೇಲಿ ಒಬ್ರು ಮಗ್ಗದ ಕೆಲಸ ಬಿಟ್ಟು ಮಗ್ಗ ಮಾರ್ತಿದ್ರು. ಜಕಾರ್ಡ್ ಸಮೇತ, ಒಳ್ಳೆ ರೇಟಿಗೆ. ಚಿಕ್ಕಪ್ಪ ಅಡ್ವಾನ್ಸ್ ಕೊಟ್ಬಿಟ್ರು. ಮೂರನೇ ಮಗ್ಗ ಬಂದ್ರೆ ಸಂಸಾರದ ಲೆಕ್ಕಾಚಾರವೇ ಬದಲಾಗುತ್ತೆ. ಎರಡು ಮಗ್ಗದ ಸಂಪಾದನೆ ಊಟಕ್ಕೆ, ಬಡ್ಡಿಗೆ ಹೋದ್ರೆ, ಮೂರನೇದು ಕೈಗೆ ಉಳಿಯೋದು. ಆದ್ರೆ ಮಗ್ಗದ ರೂಮಲ್ಲಿ ಜಾಗ ಇಲ್ಲ. ಹಾಲಿಗೂ ಮಗ್ಗದ ರೂಮಿಗೂ ಮಧ್ಯೆ ಇರೋ ಗೋಡೆ ತೆಗೆದ್ರೆ ಸರಾಗವಾಗಿ ಕೂರುತ್ತೆ.

ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಫೋನ್ ಮಾಡಿದ್ರು. "ನಾಳೆ ಗೋಡೆ ಒಡೀತಾರಂತೆ ಕಣೋ. ನೀನು ಒಂದ್ಸಲ ಬಂದು ನೋಡ್ಕೊಂಡು ಹೋಗು. ನಿಮ್ಮ ಚಿಕ್ಕಪ್ಪಂಗೆ ನಾನು ಕರೆದೆ ಅಂತ ಹೇಳ್ಬೇಡ." ಅಷ್ಟೇ ಹೇಳಿದ್ದು.

ಹೋದೆ. ಮೇಸ್ತ್ರಿನೂ ಅಲ್ಲೇ ಇದ್ರು. ಅನುಭವಸ್ಥ, ನನಗಿಂತ ಎರಡು ಪಟ್ಟು ವಯಸ್ಸು. ಗೋಡೆ ಬಗ್ಗೆ ಕೇಳಿದ್ದಕ್ಕೆ ಅವರು ಮೂರು ಮಾತು ಹೇಳಿದ್ರು. ಆ ಮೂರೂ ಮಾತನ್ನ ನೀವೂ ಯಾವಾಗಲಾದ್ರೂ ಕೇಳಿರ್ತೀರಿ, ಅದಕ್ಕೇ ಇಲ್ಲಿ ಹೇಳ್ತಿದೀನಿ.

ಮೊದಲನೇದು: "ಸಾರ್, ಇದು ನಾಲ್ಕೂವರೆ ಇಂಚಿನ ಗೋಡೆ. ಭಾರ ಹೊರೋದು ಒಂಬತ್ತು ಇಂಚಿನ ಗೋಡೆ."

ಎರಡನೇದು: ಬೆರಳು ಮಡಚಿ ಗೋಡೆ ತಟ್ಟಿದ್ರು. "ನೋಡಿ, ಸದ್ದು ಹೆಂಗೆ ಬರ್ತಿದೆ."

ಮೂರನೇದು: "ಇಂಥವು ಹತ್ತು ಮನೇಲಿ ತೆಗ್ದಿದೀನಿ. ಒಂದೂ ಬಿದ್ದಿಲ್ಲ."

ಒಂದೊಂದಾಗಿ ನೋಡೋಣ.

ದಪ್ಪ ಅನ್ನೋದು ಒಂದು ಸುಳಿವು ಹೌದು, ಆದ್ರೆ ಅದು ತೀರ್ಪಲ್ಲ. ಪಿಲ್ಲರ್ ಮನೆಗಳಲ್ಲಿ ಹೊರಗೋಡೆ ಒಂಬತ್ತು ಇಂಚು ಇದ್ರೂ ಅದು ತನ್ನ ಭಾರ ಬಿಟ್ಟು ಬೇರೇನೂ ಹೊತ್ತಿರಲ್ಲ. ಬಿಸಿಲು, ಮಳೆ, ಕಳ್ಳರು ಒಳಗೆ ಬರದ ಹಾಗೆ ನಿಂತಿರುತ್ತೆ. ಇನ್ನೊಂದು ಕಡೆ, ಖರ್ಚು ಉಳಿಸೋಕೆ ಅಂತ ನಾಲ್ಕೂವರೆ ಇಂಚಿನ ಗೋಡೆ ಎಬ್ಬಿಸಿ, ಅದರ ಮೇಲೇ ಮೋಲ್ಡ್ ಹಾಕಿರೋ ಮನೆಗಳು ನಮ್ಮ ತಾಲ್ಲೂಕಲ್ಲಿ ಬೇಕಾದಷ್ಟಿವೆ. ಅಲ್ಲಿ ಆ ಬಡಕಲು ಗೋಡೆನೇ ಮನೆ ಹೊತ್ತಿರುತ್ತೆ. ಮನೇಲೂ ಹಾಗೇ ಅಲ್ವಾ? ದಪ್ಪ ಇರೋರೇ ಭಾರ ಹೊರ್ತಾರೆ ಅಂತೇನಿಲ್ಲ.

ತಟ್ಟಿ ನೋಡೋದು ಪ್ಲೈವುಡ್, ಜಿಪ್ಸಮ್ ಬೋರ್ಡಿನ ಗೋಡೆಗೆ ಸರಿ. ಒಳಗೆ ಪೊಳ್ಳಿದ್ರೆ ಗೊತ್ತಾಗುತ್ತೆ. ಇಟ್ಟಿಗೆಗೂ ಬ್ಲಾಕಿಗೂ ಗಾರೆ ಮೆತ್ತಿದ ಮೇಲೆ ಸದ್ದು ಹೇಳೋದು ಗಾರೆ ಬಗ್ಗೆ. ಗಾರೆ ಗೋಡೆ ಬಿಟ್ಟಿದೆಯಾ ಇಲ್ವಾ ಅನ್ನೋದು ತಿಳಿಯುತ್ತೆ. ಮೇಲಿನ ಭಾರ ಯಾವ ದಾರೀಲಿ ಇಳೀತಿದೆ ಅಂತ ಸದ್ದು ಹೇಳಲ್ಲ.

ಇನ್ನು ಹತ್ತು ಮನೆ ಬಿದ್ದಿಲ್ಲ ಅನ್ನೋ ಮಾತು. ಅದು ಸುಳ್ಳು ಅಂತ ನಾನು ಹೇಳಲ್ಲ. ಭಾರ ಹೊತ್ತ ಗೋಡೆ ತೆಗೆದ ತಕ್ಷಣ ಎಲ್ಲಾ ಮನೆನೂ ಬೀಳಲ್ಲ. ಮಿಕ್ಕ ಗೋಡೆಗಳು ಸ್ವಲ್ಪ ಕಾಲ ಹಂಚ್ಕೊಂಡು ಹೊರ್ತವೆ. ಮೋಲ್ಡು ಸ್ವಲ್ಪ ಜಗ್ಗಿ ಹಾಗೇ ನಿಂತಿರುತ್ತೆ. ಮೇಸ್ತ್ರಿ ಕೂಲಿ ತಗೊಂಡು ಹೋಗಿರ್ತಾರೆ. ಅದರ ಕೆಳಗೆ ಮಲಗೋರು ಮನೆಯೋರು.

ಇವತ್ತಿಗೂ ಮರೆಯೋಕಾಗದ ಒಂದು ಘಟನೆ ಇದೆ. 2017ರ ಜುಲೈ 25, ಮುಂಬೈನ ಘಾಟ್ಕೋಪರ್. ನಾಲ್ಕು ಮಹಡಿಯ ವಸತಿ ಕಟ್ಟಡ, ಬೆಳಗಿನ ಹೊತ್ತು ಕುಸಿದು ಬಿತ್ತು. 17 ಜನ ಸತ್ರು. ನೆಲಮಹಡೀಲಿ ನವೀಕರಣದ ಕೆಲಸ ನಡೀತಿತ್ತು. ಆ ಕೆಲಸದಲ್ಲಿ ಕಟ್ಟಡ ಹೊತ್ತ ಭಾಗಗಳಿಗೇ ಕೈ ಹಾಕಿದ್ರು ಅನ್ನೋದು ಪೊಲೀಸ್ ಕೇಸಿನ ಆರೋಪ. ಸತ್ತೋರಲ್ಲಿ ಹೆಚ್ಚಿನೋರಿಗೂ ಆ ಕೆಲಸಕ್ಕೂ ಸಂಬಂಧ ಇರಲಿಲ್ಲ. ಕೆಳಗಿನ ಗೋಡೆ, ಕೆಳಗಿನ ಕಂಬ ಕೆಳಗಿನೋರಿಗೆ ಮಾತ್ರ ಸೇರಿದ್ದಲ್ಲ ಅನ್ನೋದನ್ನ ನಾನು ಅಲ್ಲಿಂದ ಕಲ್ತೆ.

ಚಿಕ್ಕಪ್ಪನ ಮನೆಗೆ ವಾಪಸ್ ಬರ್ತೀನಿ. ಮೊದಲು ಒಂದು ಲೆಕ್ಕ ಮಾಡೋಣ. ಲೆಕ್ಕ ಸುಲಭ, ಅಂಗಡಿ ಲೆಕ್ಕದ ಥರ.

ಹತ್ತಡಿ ಉದ್ದದ ಗೋಡೆ. ಎರಡೂ ಕಡೆ ಹತ್ತಡಿ ಅಗಲದ ರೂಮು. ಮೋಲ್ಡು ಈ ಗೋಡೆ ಮೇಲೆ ಕೂತು ಎರಡೂ ಕಡೆಗೆ ಚಾಚಿದೆ ಅಂತ ಇಟ್ಕೊಳ್ಳಿ. ಆಗ ಆ ಕಡೆ ರೂಮಿನ ಅರ್ಧ, ಈ ಕಡೆ ರೂಮಿನ ಅರ್ಧ, ಒಟ್ಟು 100 ಚದರಡಿ ಮೋಲ್ಡಿನ ಭಾರ ಈ ಗೋಡೆದು. ಕಂಬಿ ಹಾಕಿದ ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು 2,500 ಕೆಜಿ ತೂಗುತ್ತೆ. ಐದು ಇಂಚು ದಪ್ಪದ ಮೋಲ್ಡು ಅಂದ್ರೆ ಚದರಡಿಗೆ ಹತ್ರ ಹತ್ರ 30 ಕೆಜಿ. 100 ಚದರಡಿಗೆ 3,000 ಕೆಜಿ, ಅಂದ್ರೆ 3 ಟನ್. ಮೇಲೆ ಇನ್ನೊಂದು ಮಹಡಿ ಇದ್ದು, ಇದೇ ನೇರಕ್ಕೆ ಅಲ್ಲೂ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಇದ್ರೆ ಆ ಗೋಡೆ ತೂಕ 2 ಟನ್. ಅದರ ಮೇಲಿನ ಮೋಲ್ಡು ಇನ್ನೊಂದು 3 ಟನ್. ಒಟ್ಟು 8 ಟನ್ ಆಯ್ತು. ಇದರಲ್ಲಿ ಗಾರೆ, ಟೈಲ್ಸು, ಬೀರು, ಮಂಚ, ಮನುಷ್ಯರು ಯಾರೂ ಸೇರಿಲ್ಲ. ತಾರಸಿ ಮೇಲಿನ ಸಾವಿರ ಲೀಟರ್ ಟ್ಯಾಂಕು ತುಂಬಿದ್ರೆ ಅದೇ ಒಂದು ಟನ್.

ಇಷ್ಟೇ ಅಲ್ಲ. ಗೋಡೆ ತೆಗೆದ ಮೇಲೆ ಹತ್ತಡಿ ದಾಟ್ತಿದ್ದ ಮೋಲ್ಡು ಇಪ್ಪತ್ತಡಿ ದಾಟ್ಬೇಕು. ಉದ್ದ ಎರಡರಷ್ಟಾದ್ರೆ ಅದನ್ನ ಬಗ್ಗಿಸೋ ಬಲವೂ ಎರಡರಷ್ಟಾಗುತ್ತೆ ಅಂದ್ಕೊಳ್ತೀವಿ. ಹಾಗಲ್ಲ, ನಾಲ್ಕರಷ್ಟಾಗುತ್ತೆ. ಜೊತೆಗೆ ಇನ್ನೊಂದು ವಿಷಯ ಇದೆ. ಕಂಬಿ ಕಟ್ಟೋದನ್ನ ನೋಡಿದೋರಿಗೆ ಗೊತ್ತಿರುತ್ತೆ, ಗೋಡೆ ಬರೋ ಜಾಗದಲ್ಲಿ ಕಂಬಿಯನ್ನ ಕ್ರ್ಯಾಂಕ್ ಮಾಡಿ ಮೇಲಕ್ಕೆ ಏರಿಸಿರ್ತಾರೆ. ಯಾಕಂದ್ರೆ ಗೋಡೆ ಮೇಲೆ ಮೋಲ್ಡು ಬಿರಿಯೋದು ಮೇಲ್ಗಡೆಯಿಂದ. ಗೋಡೆ ತೆಗೆದ ಕೂಡಲೇ ಅದೇ ಜಾಗ ಕೆಳಗಡೆಯಿಂದ ಬಿರಿಯೋಕೆ ಶುರುವಾಗುತ್ತೆ. ಅಲ್ಲಿ ಕೆಳಗಡೆ ಬೇಕಾದಷ್ಟು ಕಂಬಿನೇ ಇರಲ್ಲ.

ಹಾಗಾದ್ರೆ ಗೋಡೆ ಭಾರ ಹೊತ್ತಿದೆಯಾ ಇಲ್ವಾ ಅಂತ ಕಂಡುಹಿಡಿಯೋದು ಹೇಗೆ? ಮೊದಲು ಮನೆ ಯಾವ ಜಾತೀದು ಅಂತ ನೋಡ್ಬೇಕು. ನಮ್ಮ ನಾಲ್ಕು ತಾಲ್ಲೂಕಲ್ಲಿ, ಅಂದ್ರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಲ್ಲಿ ಎಲ್ಲಾ ಕಾಲದ ಮನೆಗಳೂ ಅಕ್ಕಪಕ್ಕ ನಿಂತಿವೆ.

ಹಳೇ ಕಲ್ಲು ಚಪ್ಪಡಿ ಮನೆಗಳಿವೆ. ಗೋಡೆಯಿಂದ ಗೋಡೆಗೆ ಉದ್ದುದ್ದ ಚಪ್ಪಡಿ ಹಾಸಿ, ಮೇಲೆ ಮಣ್ಣು, ಗಾರೆ ಹಾಕಿರ್ತಾರೆ. ಎಂಟಡಿ ಉದ್ದ, ಎರಡಡಿ ಅಗಲ, ನಾಲ್ಕು ಇಂಚು ದಪ್ಪದ ಒಂದು ಚಪ್ಪಡಿ ಸುಮಾರು 400 ಕೆಜಿ ತೂಗುತ್ತೆ. ಒಂದು ಚಪ್ಪಡಿಗೂ ಪಕ್ಕದ ಚಪ್ಪಡಿಗೂ ಕಂಬಿ ಸಂಬಂಧ ಏನೂ ಇಲ್ಲ. ಎರಡು ತುದಿ ಎರಡು ಗೋಡೆ ಮೇಲೆ ಕೂತಿರೋದೇ ಅದರ ಆಧಾರ. ಇಲ್ಲಿ ಅನುಮಾನವೇ ಬೇಡ. ಚಪ್ಪಡಿ ತುದಿ ಯಾವ ಗೋಡೆ ಮೇಲಿದೆಯೋ ಆ ಗೋಡೆ ಭಾರ ಹೊತ್ತಿದೆ. ಅದನ್ನ ತೆಗೆದ್ರೆ ಮೋಲ್ಡಿನ ಥರ ಜಗ್ಗಿ ಎಚ್ಚರಿಕೆ ಕೊಡೋಕೂ ಅದಕ್ಕೆ ಬರಲ್ಲ. ನೇರವಾಗಿ ಬರುತ್ತೆ.

ಜಂತೆ ಮನೆಗಳಿವೆ, ಹೆಂಚಿನವು, ಮದ್ರಾಸ್ ತಾರಸಿಯವು. ಅಲ್ಲಿ ತಲೆ ಎತ್ತಿ ಜಂತೆ ಯಾವ ಕಡೆಗೆ ಓಡಿದೆ ನೋಡಿ. ಜಂತೆ ತಲೆ ಕೂರೋ ಗೋಡೆ, ತೊಲೆ ತುದಿ ಕೂರೋ ಗೋಡೆ, ಇವು ಭಾರದ ಗೋಡೆಗಳು. ಜಂತೆಗೆ ಸಮಾನಾಂತರವಾಗಿ ಇರೋ ಗೋಡೆ ಬರೀ ಮರೆಗೆ ಇರಬಹುದು. ಹೆಂಚಿನ ಮನೇಲಿ ನಡುಗೋಡೆ ಮೇಲೆತ್ತಿ ಹೋಗಿ ನೆತ್ತಿಯ ತೊಲೆ ಹೊತ್ತಿದೆಯಾ ಅಂತ ಅಟ್ಟ ಹತ್ತಿ ನೋಡ್ಬೇಕು. ತೊಟ್ಟಿ ಮನೆಗಳಲ್ಲಿ ಮರದ ಕಂಬಗಳೇ ತೊಟ್ಟಿ ಸುತ್ತಿನ ಭಾರ ಹೊತ್ತಿರ್ತವೆ. ಅಲ್ಲಿ ಕಂಬ ಕಂಬದ ಮಧ್ಯೆ ಆಮೇಲೆ ಎಬ್ಬಿಸಿದ ಗೋಡೆ ಇದ್ರೆ ಅದು ಬರೀ ಮರೆ.

ಪಿಲ್ಲರ್ ಮನೆಗಳಿವೆ. ಪಾಯದಿಂದ ಕಂಬ ಎದ್ದು, ಬೀಮ್ ಓಡಿ, ಮೋಲ್ಡ್ ಬಿದ್ದು, ಕೊನೇಲಿ ಗೋಡೆ ಕಟ್ಟಿರ್ತಾರೆ. ಇಲ್ಲಿ ಒಳಗೋಡೆಗಳಲ್ಲಿ ಹೆಚ್ಚಿನವು ಬರೀ ಅಡ್ಡಗೋಡೆ. ಇದಕ್ಕೊಂದು ಗುರುತಿದೆ. ಗೋಡೆ ತಲೆಗೂ ಬೀಮಿನ ಹೊಟ್ಟೆಗೂ ಸೇರೋ ಜಾಗದಲ್ಲಿ ಉದ್ದಕ್ಕೆ ಒಂದು ಕೂದಲೆಳೆ ಬಿರುಕು ಬರುತ್ತೆ. ಮನೆ ಬಿರುಕು ಬಿಡ್ತು ಅಂತ ಹೆದರಿ ನನಗೆ ಫೋನ್ ಮಾಡ್ತಾರೆ. ಬಹಳ ಸಲ ಅದು ಗೋಡೆ ಆಮೇಲೆ ಕಟ್ಟಿದ್ದು ಅಂತ ಹೇಳೋ ಸಾಕ್ಷಿ, ಅಷ್ಟೇ.

ಎಲ್ಲಕ್ಕಿಂತ ಜಾಸ್ತಿ ಇರೋದು, ಎಲ್ಲಕ್ಕಿಂತ ಮೋಸ ಮಾಡೋದು ಮಿಶ್ರ ಮನೆಗಳು. ಕೆಳಗೆ ಅಪ್ಪನ ಕಾಲದ ಗೋಡೆ ಮನೆ, ಮೇಲೆ ಮಗನ ಕಾಲದ ಬಾಡಿಗೆ ಮನೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಹತ್ರ ಏರ್‌ಪೋರ್ಟ್ ಶುರುವಾದ ಮೇಲೆ ಬಾಡಿಗೆಗೆ ಅಂತ ಮೇಲೆ ಮೇಲೆ ಏರಿಸಿದ ಮನೆ ನಮ್ಮ ಕಡೆ ಎಷ್ಟಿವೆ ನೀವೇ ನೋಡಿದೀರಿ. ಮುಂದ್ಗಡೆ ಎರಡು ಪಿಲ್ಲರ್ ಕಾಣುತ್ತೆ, ನಾವು ಇದು ಪಿಲ್ಲರ್ ಮನೆ ಅಂದ್ಕೊಳ್ತೀವಿ. ಹಿಂದೆಲ್ಲ ಗೋಡೆನೇ ಹೊತ್ತಿರುತ್ತೆ. ತಾರಸೀಲಿ ಕಂಬಿ ತಲೆ ಎದ್ದಿದ್ರೆ ಕೆಳಗೆ ಪಿಲ್ಲರ್ ಇದೆ ಅನ್ನೋಕೆ ಒಂದು ಸುಳಿವು ಸಿಕ್ಕಿತು ಅಷ್ಟೇ. ಪಿಲ್ಲರ್ ಎಲ್ಲೆಲ್ಲಿದೆ, ಎಷ್ಟಿದೆ ಅಂತ ಎಣಿಸಿ ನೋಡ್ಬೇಕು.

ಇಷ್ಟೆಲ್ಲ ನೋಡೋಕೆ ಎಂಜಿನಿಯರ್ ಕಣ್ಣು ಬೇಕು ಅನ್ಸುತ್ತೆ. ಆದ್ರೆ ಒಂದು ಪ್ರಶ್ನೆ ಇದೆ. ಅದನ್ನ ಯಾರು ಬೇಕಾದ್ರೂ ಕೇಳಬಹುದು, ಮನೆಯೋರೇ ಉತ್ತರ ಕೊಡಬಹುದು. ಇವತ್ತಿನ ಮಾತೆಲ್ಲ ಮರೆತ್ರೂ ಪರವಾಗಿಲ್ಲ, ಇದೊಂದು ನೆನಪಿಟ್ಕೊಳ್ಳಿ.

ಮೋಲ್ಡ್ ಹಾಕಿದ ದಿನ ಈ ಗೋಡೆ ಇತ್ತಾ?

ಯೋಚನೆ ಮಾಡಿ. ಮೋಲ್ಡ್ ಹಾಕಿ, ಸೆಂಟ್ರಿಂಗ್ ಬಿಚ್ಚಿದಾಗ ಈ ಗೋಡೆ ಅಲ್ಲಿ ಇರಲಿಲ್ಲ ಅಂದ್ರೆ, ಇದಿಲ್ಲದೇನೇ ಆ ಮೋಲ್ಡು ನಿಂತಿತ್ತು ಅಂತ ಅರ್ಥ. ಗೋಡೆ ಮೊದಲೇ ಇದ್ದು, ಅದರ ತಲೆ ಮೇಲೇ ಕಾಂಕ್ರೀಟ್ ಸುರಿದಿದ್ರೆ, ಬೇರೆ ಯಾರಾದ್ರೂ ಲೆಕ್ಕ ಹಾಕಿ ಅಲ್ಲ ಅನ್ನೋವರೆಗೆ ಅದು ಭಾರ ಹೊತ್ತಿದೆ ಅಂತಲೇ ತಿಳ್ಕೊಬೇಕು.

ಚಿಕ್ಕಪ್ಪನ್ನ ಕೇಳಿದೆ. "ಅಯ್ಯೋ, ಇಪ್ಪತ್ತೈದು ವರ್ಷ ಆಯ್ತು ಕಣಪ್ಪಾ. ಯಾರಿಗೆ ನೆನಪಿರುತ್ತೆ?" ಅಂದ್ರು.

ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮಂಗೆ ನೆನಪಿತ್ತು. "ಇತ್ತು," ಅಂದ್ರು. "ಮಗ್ಗದ ರೂಮಿನ ಸೆಂಟ್ರಿಂಗ್ ಮೊದಲು ಬಿಚ್ಚಿದ್ರು. ಮಗ್ಗ ಬೇಗ ಇಳಿಸ್ಬೇಕಿತ್ತಲ್ಲ. ಹಾಲಲ್ಲಿ ಇನ್ನೂ ನೀಲಗಿರಿ ಕಂಬ ಹಾಗೇ ನಿಂತಿದ್ವು. ಕಂಬದ ಸಂದೀಲೇ ನುಗ್ಗಿ ನುಗ್ಗಿ ನಾನು ಅವರಿಗೆ ಟೀ ತಂದು ಕೊಡ್ತಿದ್ದೆ."

ಎರಡು ರೂಮಿನ ಸೆಂಟ್ರಿಂಗು ಬೇರೆ ಬೇರೆ ದಿನ ಬಿಚ್ಚಿದ್ರು ಅಂದ್ರೆ ಮಧ್ಯೆ ಗೋಡೆ ಇದ್ದೇ ಇತ್ತು ಅನ್ಸುತ್ತೆ. ಆದ್ರೂ ನೆನಪನ್ನ ಕಣ್ಣಿಂದ ಪರೀಕ್ಷೆ ಮಾಡ್ಬೇಕು. ಮಗ್ಗದ ರೂಮಿನ ಸೂರಿಗೆ ಅವರು ಗಾರೆ ಮೆತ್ತಿಸಿರಲೇ ಇಲ್ಲ. ಟಾರ್ಚ್ ಬಿಟ್ಟು ನೋಡಿದ್ರೆ ಸೆಂಟ್ರಿಂಗ್ ಹಲಗೆಗಳ ಅಚ್ಚು ಹಾಗೇ ಇತ್ತು. ಹಲಗೆ ಗುರುತು ಗೋಡೆ ಹತ್ರ ಬಂದು ಅಲ್ಲಿಗೆ ಮುಗಿದಿತ್ತು. ಅಂಚಿಗೆ ತುಂಡು ಹಲಗೆ ಕೊಯ್ದು ಕೂರಿಸಿದ ಗುರುತೂ ಇತ್ತು. ಗೋಡೆ ಆಮೇಲೆ ಬಂದಿದ್ರೆ ಅಚ್ಚು ಗೋಡೆ ತಲೆ ದಾಟಿ ಆ ಕಡೆಗೂ ಹೋಗಿರ್ತಿತ್ತು.

ಆಮೇಲೆ ಗೋಡೆಯ ಮೇಲ್ತುದೀಲಿ ಒಂದು ಗೇಣಗಲ ಗಾರೆ ಚಾಣದಿಂದ ಮೆಲ್ಲಗೆ ಬಿಡಿಸಿದ್ವಿ. ಇಟ್ಟಿಗೆ ಮೇಲೆ ಸಂದಿಲ್ಲದೆ ಕಾಂಕ್ರೀಟ್ ಕೂತಿತ್ತು, ಬೀಮ್ ಇರಲಿಲ್ಲ. ನಮ್ಮ ಮನೆಗಳಲ್ಲಿ ಬೀಮ್ ಅಂದ್ರೆ ಹಾಸು ಸುತ್ತೋ ಬೀಮು. "ಬೀಮ್ ಇದೆಯಾ?" ಅಂದ್ರೆ ಚಿಕ್ಕಪ್ಪ ಮಗ್ಗದ ಕಡೆ ತೋರಿಸ್ತಿದ್ರು!

ಇದು ಮೊದಲನೇ ಪ್ರಶ್ನೆ. ಇದರ ಹಿಂದೆ ಇನ್ನೆರಡು ಪ್ರಶ್ನೆ ಕೇಳಲೇಬೇಕು.

ಎರಡನೇದು: ಆಮೇಲೆ ಮೇಲೆ ಏನು ಏರಿಸಿದ್ರಿ? ಮೋಲ್ಡ್ ದಿನ ಇಲ್ಲದೇ ಇದ್ದ ಗೋಡೆ ಕೂಡ ಆಮೇಲೆ ಭಾರಕ್ಕೆ ಸಿಕ್ಕಿ ಹಾಕ್ಕೊಂಡಿರಬಹುದು. ಮೇಲೆ ಮಹಡಿ ಕಟ್ಟಿ, ಇದೇ ನೇರಕ್ಕೆ ಗೋಡೆ ಎಬ್ಬಿಸಿ, ಕೆಳಗಿನ ಮೋಲ್ಡು ಜಗ್ಗಿ ಈ ಗೋಡೆ ಮೇಲೆ ಕೂತಿರಬಹುದು. ಅದಕ್ಕೆ ಒಂದು ದಾರದಿಂದ ಅಳತೆ ಮಾಡಿ. ಹೊರಗೋಡೆಯಿಂದ ಈ ಗೋಡೆಗೆ ಎಷ್ಟಡಿ, ಮೇಲಿನ ಮನೇಲಿ ಅದೇ ಹೊರಗೋಡೆಯಿಂದ ಎಷ್ಟಡಿಗೆ ಗೋಡೆ ಇದೆ. ನಮ್ಮಲ್ಲಿ ದಾರ ಹಿಡಿದು ನೋಡಿದ್ರೆ ಇಂಚೂ ಆಚೀಚೆ ಇಲ್ಲ. ಮೇಲಿನ ಬಾಡಿಗೆಯೋರ ಬೆಡ್‌ರೂಮ್ ಗೋಡೆ ಸರಿಯಾಗಿ ಇದರ ತಲೆ ಮೇಲೆ. ಆಗಲೇ ಹೇಳಿದ ಆ 8 ಟನ್ ಲೆಕ್ಕ ನಾನು ಹಾಕಿದ್ದು ಇದೇ ಗೋಡೇದು.

ಮೂರನೇದು: ಈ ಗೋಡೆಗೆ ಪಾಯ ಇದೆಯಾ? ಭಾರದ ಗೋಡೆ ಸೈಜುಗಲ್ಲಿನ ಪಾಯದ ಮೇಲಿಂದ ಎದ್ದಿರುತ್ತೆ. ಆಮೇಲೆ ಕಟ್ಟಿದ ಅಡ್ಡಗೋಡೆ ಬಹಳ ಸಲ ನೆಲದ ಮೇಲೇ ಕೂತಿರುತ್ತೆ. ಗೋಡೆ ಪಕ್ಕ ಒಂದು ಟೈಲ್ ಎಬ್ಬಿಸಿ, ಒಂದಡಿ ಒಂದೂವರೆ ಅಡಿ ಅಗೆದ್ರೆ ಗೊತ್ತಾಗುತ್ತೆ. ಈ ಗೋಡೆ ಕೆಳಗೆ ಕಲ್ಲು ಸಿಕ್ತು.

ಮೂರು ಪ್ರಶ್ನೆಗೂ ಒಂದೇ ಉತ್ತರ. ನಾನು ಹೇಳಿದೆ, "ಚಿಕ್ಕಪ್ಪ, ಇದನ್ನ ಮುಟ್ಟಬೇಡಿ."

ಅವರಿಗೆ ಸಿಟ್ಟು ಬಂತು. ಬರಬೇಕಾದ್ದೇ. "ನೀವೆಲ್ಲ ಓದಿದೋರು, ಬೇಡ ಅನ್ನೋದು ಸುಲಭ. ಅಡ್ವಾನ್ಸ್ ದುಡ್ಡು ನೀನು ಕೊಡ್ತೀಯಾ?" ಅಂದ್ರು. ಮೇಸ್ತ್ರಿ ಮಾತಾಡ್ಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಆ ಹಲಗೆ ಅಚ್ಚನ್ನ ಇನ್ನೊಂದ್ಸಲ ಟಾರ್ಚ್ ಹಾಕಿ ನೋಡಿದ್ರು. "ಹುಡುಗ ಹೇಳೋದು ಸರಿ ಇದೆ ಯಜಮಾನ್ರೇ," ಅಂದ್ರು. ಆ ಮಾತಿಗೆ ನಾನು ಅವರಿಗೆ ಇವತ್ತಿಗೂ ಋಣಿ. ನಾನು ಹೇಳಿದ್ರೆ ಚಿಕ್ಕಪ್ಪ ಕೇಳ್ತಿರಲಿಲ್ಲ.

ಈಗ ನೀವು ಕೇಳಬಹುದು, ಭಾರದ ಗೋಡೆ ಅಂದ ಮಾತ್ರಕ್ಕೆ ತೆಗೆಯೋಕೆ ಸಾಧ್ಯನೇ ಇಲ್ವಾ? ಇದೆ. ಅದರ ಕ್ರಮ ಬೇರೆ.

ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ, ಲೆಕ್ಕ ಹಾಕಿ, ಬರೆದು ಕೊಡಬೇಕು. ಬಾಯಿ ಮಾತು ಸಾಲದು. ಆಮೇಲೆ ಗೋಡೆಯ ಎರಡೂ ಕಡೆ ಮೋಲ್ಡಿಗೆ ಆಸರೆ ಕೊಡಬೇಕು, ಕಬ್ಬಿಣದ ಪ್ರಾಪ್ಸ್ ಹಾಕಿ. ಒಂದೇ ಕಡೆ ಹಾಕಿದ್ರೆ ಇನ್ನೊಂದು ಕಡೆ ಗಾಳೀಲಿ ಇರುತ್ತೆ. ಆ ಪ್ರಾಪ್ಸ್ ಕೆಳಗೆ ಗಟ್ಟಿ ನೆಲ ಇರಬೇಕು. ಮಹಡಿ ಮೇಲೆ ಕೆಲಸ ಆದ್ರೆ ಕೆಳಗಿನ ಮನೇಲೂ ಅದೇ ನೇರಕ್ಕೆ ಆಸರೆ ಬೇಕು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಗೋಡೆ ಬಿಡಿಸಿ ಗರ್ಡರ್ ಅಥವಾ ಕಾಂಕ್ರೀಟ್ ಬೀಮ್ ಕೂರಿಸಬೇಕು. ಗೋಡೆ ಉದ್ದಕ್ಕೂ ಹರಡಿದ್ದ ಆ ಎಂಟು ಟನ್ ಈಗ ಗರ್ಡರಿನ ಎರಡು ತುದಿಗೆ ಬರುತ್ತೆ, ತುದಿಗೆ ನಾಲ್ಕು ನಾಲ್ಕು ಟನ್. ಆ ತುದಿ ಕೂರೋ ಜಾಗಕ್ಕೆ ಕಾಂಕ್ರೀಟಿನ ಬೆಡ್ ಬೇಕು, ಅದರ ಕೆಳಗಿನ ಗೋಡೆ, ಪಾಯ ತಡ್ಕೊಳ್ಳುತ್ತಾ ನೋಡಬೇಕು. ಗರ್ಡರ್ ತಂದು ತುದೀನ ಇಟ್ಟಿಗೆ ತೂತಿಗೆ ತುರುಕೋ ಕೆಲಸ ಅಲ್ಲ ಇದು. ಗರ್ಡರಿಗೂ ಮೋಲ್ಡಿಗೂ ಸಂದಿ ಉಳೀದ ಹಾಗೆ ಬಿಗಿಯಾಗಿ ತುಂಬಬೇಕು. ಕಾಂಕ್ರೀಟ್ ಬೀಮ್ ಆದ್ರೆ ಅದು ಪೂರ್ತಿ ಶಕ್ತಿ ಪಡೆಯೋದು 28 ದಿನಕ್ಕೆ. ಪ್ರಾಪ್ಸ್ ಬಾಡಿಗೆ ಉಳಿಸೋಕೆ ಅಂತ ಮೂರನೇ ದಿನಕ್ಕೆ ಬಿಚ್ಚಬೇಡಿ. ಎಂಜಿನಿಯರ್ ಹೇಳಿದ ದಿನಕ್ಕೇ ಬಿಚ್ಚಿ.

ಮೇಲೆ ಬಾಡಿಗೆಗೆ ಜನ ಇದ್ರೆ ಅವರಿಗೆ ಮೊದಲೇ ಹೇಳಿ. ಅವರ ತಲೆ ಕೆಳಗಿನ ಗೋಡೆ ಅದು. ಮನೆ ನಕ್ಷೆ ಇದ್ರೆ ತೆಗೆದಿಟ್ಕೊಳ್ಳಿ. ನಕ್ಷೇಲಿ ಪಿಲ್ಲರ್‌ಗಳನ್ನ ಸಾಮಾನ್ಯವಾಗಿ ಕಪ್ಪು ತುಂಬಿದ ಸಣ್ಣ ಚೌಕಗಳಾಗಿ ತೋರಿಸಿರ್ತಾರೆ. ಆದ್ರೆ ನಕ್ಷೇಲಿ ಇರೋ ಹಾಗೇ ಮನೆ ಕಟ್ಟಿದಾರೆ ಅಂತ ನಂಬ್ಬೇಡಿ. ನಕ್ಷೆ ಒಂದು, ಮನೆ ಒಂದು ಆಗಿರೋದು ನಮ್ಮಲ್ಲಿ ಹೊಸದಲ್ಲ.

ಗರ್ಡರ್ ಹಾಕಿಸೋ ಖರ್ಚು ಕೇಳಿ ಚಿಕ್ಕಪ್ಪ ತಲೆ ಅಲ್ಲಾಡಿಸಿದ್ರು. ಮಗ್ಗದ ರೇಟಿಗೆ ಹತ್ರ ಬರುತ್ತೆ ಅಂದ್ರು. ಸಂಜೆವರೆಗೂ ಮನೇಲಿ ಮಾತಿಲ್ಲ.

ದಾರಿ ತೋರಿಸಿದ್ದು ಚಿಕ್ಕಮ್ಮ. ಹಾಲಿಗೂ ಅಡಿಗೆಮನೆಗೂ ಮಧ್ಯೆ ಇನ್ನೊಂದು ಗೋಡೆ ಇತ್ತು, ನಾಲ್ಕು ಇಂಚಿನ ಸಾಲಿಡ್ ಬ್ಲಾಕಿಂದು. "ನಿನ್ನ ಪ್ರಶ್ನೆ ಇದಕ್ಕೂ ಕೇಳು," ಅಂದ್ರು. "ಮೋಲ್ಡ್ ದಿನ ಇದು ಇರಲಿಲ್ಲ. ಹಾಲಿಂದ ಅಡಿಗೆಮನೆವರೆಗೂ ಒಂದೇ ಬಯಲು. ಬಂದೋರ ಎದುರಿಗೇ ಒಲೆ ಕಾಣುತ್ತೆ ಅಂತ ಗಲಾಟೆ ಮಾಡಿ ಎರಡು ವರ್ಷ ಆದ್ಮೇಲೆ ನಾನೇ ಕಟ್ಟಿಸ್ಕೊಂಡಿದ್ದು."

ನೋಡಿದ್ವಿ. ಗೋಡೆ ತಲೇಲಿ ಗಾರೆ ಬಿಡಿಸಿದ್ರೆ ಬ್ಲಾಕಿಗೂ ಮೋಲ್ಡಿಗೂ ಮಧ್ಯೆ ಬೆರಳು ದಪ್ಪ ಸಂದಿ, ಸಿಮೆಂಟಲ್ಲಿ ಮುಚ್ಚಿದ್ದು. ಟೈಲ್ ಎಬ್ಬಿಸಿದ್ರೆ ಗೋಡೆ ಹಳೇ ರೆಡ್ ಆಕ್ಸೈಡ್ ನೆಲದ ಮೇಲೇ ಕೂತಿತ್ತು. ಮೇಲಿನ ಮನೇಲಿ ಆ ನೇರಕ್ಕೆ ಗೋಡೆ ಇಲ್ಲ. ಹಾಲಿನ ಮೋಲ್ಡು ಬೇರೆ ಎರಡು ಗೋಡೆ ಮಧ್ಯೆ ಚಾಚಿದೆ. ನಮ್ಮ ಆಫೀಸಿನ ಸ್ಟ್ರಕ್ಚರಲ್ ಎಂಜಿನಿಯರೂ ಬಂದು ನೋಡಿ ಸರಿ ಅಂದ್ರು. ಆಮೇಲೇ ಮೇಸ್ತ್ರಿ ಸುತ್ತಿಗೆ ಎತ್ತಿದ್ದು. ಮೇಲಿನ ಸಾಲಿಂದ ಶುರು ಮಾಡಿ, ಒಂದೊಂದೇ ಬ್ಲಾಕ್ ಬಿಡಿಸಿ, ಒಂದೇ ದಿನಕ್ಕೆ ಗೋಡೆ ಮುಗೀತು. ಮೋಲ್ಡಲ್ಲಿ ಒಂದು ಗೆರೆ ಬರಲಿಲ್ಲ. ಆ ವಾರವೇ ಮಗ್ಗ ಬಿಚ್ಚಿ ತಂದು ಹಾಲಲ್ಲಿ ಜೋಡಿಸಿದ್ರು.

ಇದನ್ನ ಗೆದ್ದ ಕಥೆ ಅಂತ ಹೇಳ್ತಿಲ್ಲ. ಮೂರನೇ ಮಗ್ಗ ಬಂತು, ಮನೆ ನಿಂತಿದೆ. ಆದ್ರೆ ಚಿಕ್ಕಮ್ಮ ಗಲಾಟೆ ಮಾಡಿ ಕಟ್ಟಿಸ್ಕೊಂಡಿದ್ದ ಗೋಡೆ ಹೋಯ್ತು. ಈಗ ಒಲೆಗೂ ಮಗ್ಗಕ್ಕೂ ಮಧ್ಯೆ ಒಂದು ಹಳೇ ಸೀರೆ ಕಟ್ಟಿದಾರೆ, ನೂಲಿನ ದೂಳು ಸಾರಿಗೆ ಬೀಳದ ಹಾಗೆ. ಪ್ರತಿಸಲ ಹೋದಾಗ ಆ ಸೀರೆ ನೋಡ್ತೀನಿ. ಭಾರ ಹೊರದ ಗೋಡೆ ಅಂತ ನಾವು ಹೇಳಿದ್ದು ಮೋಲ್ಡಿನ ಲೆಕ್ಕಕ್ಕೆ ಮಾತ್ರ.

ಮುಗಿಸೋ ಮುಂಚೆ ಎರಡು ಮಾತು.

ಒಂದು, ಈಗಾಗಲೇ ಗೋಡೆ ತೆಗೆದಿರೋ ಮನೇಲಿ ಇರೋರಿಗೆ. ಬಾಗಿಲು, ಕಿಟಕಿ ಇದ್ದಕ್ಕಿದ್ದ ಹಾಗೆ ಬಿಗಿಯಾಗ್ತಿದ್ರೆ, ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಎದ್ದು ದಿನದಿನಕ್ಕೂ ಅಗಲ ಆಗ್ತಿದ್ರೆ, ಇಟ್ಟಿಗೆ ಸಾಲಿನ ಗುಂಟ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಹೋಗ್ತಿದ್ರೆ, ಸೂರಿನ ಮಧ್ಯೆ ಉದ್ದಕ್ಕೆ ಗೆರೆ ಬಂದಿದ್ರೆ ಎಂಜಿನಿಯರನ್ನ ಇವತ್ತೇ ಕರೆಸಿ. ಬಿರುಕಿನ ಎರಡೂ ತುದೀಲಿ ಪೆನ್ಸಿಲ್ ಗುರುತು ಹಾಕಿ ತಾರೀಕು ಬರೆದಿಡಿ, ಬೆಳೀತಿದೆಯಾ ಗೊತ್ತಾಗುತ್ತೆ. ಗಾರೆ ತಾನಾಗೇ ಉದುರ್ತಾ, ಗೋಡೇಲಿ ಚಟಚಟ ಸದ್ದು ಕೇಳಿಸ್ತಾ ಇದ್ರೆ ಯಾರನ್ನೂ ಕಾಯಬೇಡಿ. ಮಗ್ಗ ಆಫ್ ಮಾಡಿ, ಮಕ್ಕಳನ್ನ, ಮೇಲಿನ ಮನೆಯೋರನ್ನ ಕರ್ಕೊಂಡು ಹೊರಗೆ ಬನ್ನಿ. ಬೀರು, ದುಡ್ಡು, ಪತ್ರ ಆಮೇಲೆ.

ಇನ್ನೊಂದು, ಈಗ ಮನೆ ಕಟ್ಟಿಸ್ತಿರೋರಿಗೆ. ಮೋಲ್ಡ್ ಹಾಕೋ ದಿನ ನಾವೆಲ್ಲ ಪೂಜೆದು, ಊಟದ್ದು ಫೋಟೊ ತೆಗೀತೀವಿ. ಅದರ ಹಿಂದಿನ ದಿನ ಕೆಳಗೆ ಇಳಿದು, ಪ್ರತಿ ರೂಮಲ್ಲಿ ನಿಂತು, ಯಾವ ಗೋಡೆ ಇದೆ, ಎಲ್ಲಿ ಪಿಲ್ಲರ್ ಇದೆ, ಮೇಲೆ ಹತ್ತಿ ಕಂಬಿ ಯಾವ ಕಡೆಗೆ ಓಡಿದೆ, ಎಲ್ಲಾದ್ದೂ ಫೋಟೊ ತೆಗೆದಿಡಿ. ನಾಲ್ಕು ಪ್ರಿಂಟ್ ಹಾಕಿಸಿ ಮನೆ ಪತ್ರದ ಜೊತೆ ಇಡಿ. ಇಪ್ಪತ್ತೈದು ವರ್ಷ ಆದ್ಮೇಲೆ ನಿಮ್ಮ ಮಗನೋ ಮಗಳೋ ಒಂದು ಗೋಡೆ ತೆಗೀಬೇಕು ಅಂತ ನಿಂತಾಗ ಆ ಫೋಟೊ ಮಾತಾಡುತ್ತೆ.

ಫೋಟೊ ಇಲ್ಲದ ಮನೇಲಿ, ಆ ದಿನ ಟೀ ತಂದು ಕೊಟ್ಟೋರು ಯಾರು ಅಂತ ಹುಡುಕಿ, ಅವರನ್ನ ಕೇಳಿ.